ಕರ್ನೆಲ್ ಹೊಸದು, ಡ್ರೈವರ್ ಹಳೆಯದು: ಮ್ಯಾಕ್ ವಿಳಾಸದ ಕೋಡ್ ತಿದ್ದುವುದು ಹೇಗೆ?

ನಿನ್ನೆಯವರೆಗೆ ತಂಟೆಯಿಲ್ಲದೆ ಇದ್ದ ನೆಟ್‌ವರ್ಕ್ ಡ್ರೈವರ್ (ನೆಟ್‌ವರ್ಕ್ ಕಾರ್ಡನ್ನು ನಡೆಸುವ ಕೋಡ್) ಲಿನಕ್ಸ್ ಕರ್ನೆಲ್ 5.17ರಲ್ಲಿ ಕಂಪೈಲ್ ಮಾಡಹೊರಟೊಡನೆ ಮುನಿಸಿಕೊಳ್ಳುತ್ತದೆ. ‘ಡೆವ್_ಆಡ್ರ್’ ಇರುವುದು ಓದುವುದಕ್ಕಷ್ಟೇ, ಬರೆಯುವಂತಿಲ್ಲ ಎಂಬುದು ತಕರಾರು. ಕರ್ನೆಲ್ ಮೂಲದೊಳಗಿನ ಡ್ರೈವರ್‌ಗಳನ್ನು ಬದಲಾವಣೆಯ ಜೊತೆಗೇ ತಿದ್ದಲಾಗಿದೆ. ಹೊರಗೆ ಇಟ್ಟುಕೊಂಡವರ ಪಾಡು ಅವರದು.

ಕೋಡ್ ಮುಟ್ಟುವ ಮೊದಲು ಕಾರಣ ತಿಳಿಯಿರಿ. ಡೆವ್_ಆಡ್ರ್ ಎಂದರೆ ಸಾಧನದ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ಗುರುತು. ಈಥರ್‌ನೆಟ್‌ನಲ್ಲಿ 6 ಬೈಟ್. ಹಿಂದೆ ಯಾವ ಡ್ರೈವರ್ ಬೇಕಾದರೂ ಅಲ್ಲಿ ನೇರವಾಗಿ ಬರೆಯಬಹುದಿತ್ತು. ವಿಎಲ್ಯಾನ್‌ಗಳು (ಒಂದೇ ಜಾಲದೊಳಗೆ ಬೇರ್ಪಡಿಸಿದ ಉಪಜಾಲಗಳು) ವಿಪರೀತವಾಗಿರುವ ಕಡೆ ವಿಳಾಸಗಳ ಪಟ್ಟಿಯನ್ನು ಒಂದೊಂದಾಗಿ ಹುಡುಕುವುದು ತೀರಾ ನಿಧಾನವಾದ್ದರಿಂದ, 2021ರಲ್ಲಿ ಅವನ್ನು ‘ಕೆಂಪು-ಕಪ್ಪು ಮರ’ ಎಂಬ ರಚನೆಯಲ್ಲಿ ಜೋಡಿಸಲಾಯಿತು. ಮರದಲ್ಲಿ ಯಾರ ಜಾಗ ಯಾವುದೆಂದು ತೀರ್ಮಾನಿಸುವುದು ವಿಳಾಸವೇ. ಮರಕ್ಕೆ ಹೇಳದೆ ಅದನ್ನು ಬದಲಿಸುವುದೆಂದರೆ, ಗ್ರಂಥಾಲಯದ ಪುಸ್ತಕಕ್ಕೆ ಹೊಸ ಸಂಖ್ಯೆ ಅಂಟಿಸಿ ಹಳೆಯ ಕಪಾಟಿನಲ್ಲೇ ಬಿಟ್ಟಂತೆ. ಅದಕ್ಕೇ ಈ ಬೀಗ.

ಈಗ ಕೋಡಿನಲ್ಲಿ ಡೆವ್_ಆಡ್ರ್ ಬರುವ ಸಾಲುಗಳನ್ನೆಲ್ಲ ಗ್ರೆಪ್ ಆದೇಶದಿಂದ ಹುಡುಕಿಕೊಳ್ಳಿ. ಓದುವ ಸಾಲುಗಳು ಹಾಗೆಯೇ ಇರಲಿ. ಮೆಮ್‌ಕಾಪಿಯಿಂದ (ಬೈಟ್‌ಗಳನ್ನು ನಕಲಿಸುವ ಫಂಕ್ಷನ್) 6 ಬೈಟ್ ತುಂಬುವ ಕಡೆ ‘ಈಥ್_ಎಚ್‌ಡಬ್ಲ್ಯೂ_ಆಡ್ರ್_ಸೆಟ್’ ಕರೆಯಿರಿ. ಅದಕ್ಕೆ ಕೊಡಬೇಕಾದದ್ದು ಸಾಧನ ಮತ್ತು ವಿಳಾಸ, ಎರಡೇ. ಕಾರ್ಡಿನ ಈಪ್ರಾಮ್ ಮೆಮೊರಿ ಚಿಪ್‌ನಿಂದ ಲೂಪಿನಲ್ಲಿ ಒಂದೊಂದೇ ಬೈಟ್ ಓದಿ ತುಂಬುವ ಕೋಡ್ ತುಸು ತಾಳ್ಮೆ ಬೇಡುತ್ತದೆ. ಫಂಕ್ಷನ್ನಿನೊಳಗೆ 6 ಬೈಟಿನ ತಾತ್ಕಾಲಿಕ ಅರೇ ಮಾಡಿ, ಲೂಪ್ ಅದನ್ನು ತುಂಬಲಿ. ಲೂಪ್ ಮುಗಿದ ಮೇಲೆ ಒಂದೇ ಸಲ ಸೆಟ್ ಮಾಡಿ. ಲೂಪಿನೊಳಗೇ ಸೆಟ್ ಕರೆದರೆ ಅರೆಬೆಂದ ವಿಳಾಸ ಮರಕ್ಕೆ ಹೋಗುತ್ತದೆ.

ಕ್ಯಾಸ್ಟ್ ಹಾಕಿ, ಅಂದರೆ ‘ಓದುವುದಕ್ಕಷ್ಟೇ’ ಎಂಬ ಗುರುತನ್ನು ಬಲವಂತವಾಗಿ ಕಳಚಿ, ಕಂಪೈಲರ್ ಬಾಯಿ ಮುಚ್ಚಿಸುವ ಆಸೆ ಬರುತ್ತದೆ. ನಾನೂ ಒಮ್ಮೆ ಹಾಗೆ ಮಾಡಿದ್ದೆ. ಕಂಪೈಲ್ ಆಯಿತು, ಲೋಡ್ ಆಯಿತು, ಪಿಂಗ್ ಕೂಡ ಹೋಯಿತು. ಗುಟ್ಟು ರಟ್ಟಾದದ್ದು ಡ್ರೈವರ್‌ನ ಮಾಡ್ಯೂಲನ್ನು ಕರ್ನೆಲ್‌ನಿಂದ ತೆಗೆದಾಗ. ಕರ್ನೆಲ್ ವಿಳಾಸದ ಇನ್ನೊಂದು ಪ್ರತಿಯನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಎರಡನ್ನೂ ಹೋಲಿಸಿ, ಈಗಿರುವ ವಿಳಾಸ ಇದು, ಇರಬೇಕಾದದ್ದು ಇದು ಎಂದು ಡಿಮೆಸೇಜ್‌ನಲ್ಲಿ (ಕರ್ನೆಲ್ ಸಂದೇಶಗಳ ದಾಖಲೆ) ಅಕ್ಕಪಕ್ಕದ ಸಾಲುಗಳಲ್ಲಿ ಬರೆದಿತ್ತು. ಆದ್ದರಿಂದ ಪರೀಕ್ಷೆಯನ್ನು ಪಿಂಗ್‌ಗೆ ನಿಲ್ಲಿಸಬೇಡಿ: ಐಪಿ ಲಿಂಕ್ ಆದೇಶದಿಂದ ವಿಳಾಸ ಬದಲಿಸಿ, ಆರ್‌ಎಂಮಾಡ್‌ನಿಂದ ಮಾಡ್ಯೂಲ್ ತೆಗೆಯಿರಿ, ಆಮೇಲೆ ಡಿಮೆಸೇಜ್ ಓದಿ.

ಹಳೆಯ ಕರ್ನೆಲ್‌ಗಳಲ್ಲೂ ನಡೆಯಬೇಕೆಂದರೆ, ‘ಈಥ್_ಎಚ್‌ಡಬ್ಲ್ಯೂ_ಆಡ್ರ್_ಸೆಟ್’ ಹೆಸರಿನದೇ ಪುಟ್ಟ ಫಂಕ್ಷನ್ನನ್ನು ನಿಮ್ಮ ಹೆಡರಿನಲ್ಲಿ ಬರೆದು, ಒಳಗೆ ಹಳೆಯ ಮೆಮ್‌ಕಾಪಿ ಇಡಿ. ಅದು 5.15ಕ್ಕಿಂತ ಹಿಂದಿನವಕ್ಕೆ ಮಾತ್ರ ಅನ್ವಯಿಸಲಿ. ಆದರೆ ಆವೃತ್ತಿ ಸಂಖ್ಯೆಯನ್ನೇ ನಂಬಿ ಕೂರುವಂತಿಲ್ಲ. ರೆಡ್ ಹ್ಯಾಟ್‌ನಂಥ ವಿತರಣೆಗಳು ಹೊಸ ಕೋಡನ್ನು ಹಳೆಯ ಸಂಖ್ಯೆಯ ಕರ್ನೆಲ್‌ಗೇ ತಂದು ಸೇರಿಸುತ್ತವೆ. ಆ ಯಂತ್ರದ ಈಥರ್‌ಡಿವೈಸ್ ಹೆಡರನ್ನೇ ತೆರೆದು ಫಂಕ್ಷನ್ ಇದೆಯೇ ನೋಡುವುದು ಮೇಲು.

ಇದಾದ ಮೇಲೆ 6.1ಕ್ಕೆ ಹೋದರೆ ಪ್ಯಾಕೆಟ್ ಸ್ವೀಕರಿಸುವ ಫಂಕ್ಷನ್ನನ್ನು ಕರ್ನೆಲ್‌ಗೆ ನೋಂದಾಯಿಸುವ ‘ನೆಟಿಫ್_ನಾಪಿ_ಆಡ್’ ಕೂಡ ಅಡ್ಡ ಬರುತ್ತದೆ. ಅಲ್ಲಿ ಕೆಲಸ ಸುಲಭ: ಕೊನೆಯಲ್ಲಿ ಕೊಡುತ್ತಿದ್ದ ತೂಕ (ಒಂದು ಸಲಕ್ಕೆ ನಿಭಾಯಿಸುವ ಪ್ಯಾಕೆಟ್‌ಗಳ ಮಿತಿ) 64 ಆಗಿದ್ದರೆ ಅದನ್ನು ಅಳಿಸಿದರೆ ಸಾಕು.