ಗಾಯ ಮಾಯುವುದನ್ನು ಕ್ಯಾನ್ವಾಸಿಗೆ ತಂದ ಬಗೆ

ನಾನು ಪ್ಯಾಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮೇಣದ ಅಚ್ಚಿನಲ್ಲಿ ಕೂರಿಸಿದ ಅಂಗಾಂಶವನ್ನು ನಾಲ್ಕೈದು ಮೈಕ್ರಾನ್ ತೆಳುವಾಗಿ ಕತ್ತರಿಸಿ, ಬಣ್ಣ ಹಾಕಿ ಸ್ಲೈಡ್ ಮಾಡುತ್ತೇನೆ. ಮನೆಗೆ ಬಂದರೆ ಅಮೂರ್ತ ಚಿತ್ರ ಬರೆಯುತ್ತೇನೆ. ಜಾಸ್ತಿ ಬರೆಯುವುದು ಚರ್ಮದ ಗಾಯದ ಬಗ್ಗೆಯೇ. ರೋಗಿಯ ಸ್ಲೈಡಿನ ಫೋಟೋ ಮನೆಗೆ ತರುವುದಿಲ್ಲ, ಕಣ್ಣಲ್ಲಿ ಉಳಿದದ್ದಷ್ಟೇ ಚಿತ್ರಕ್ಕೆ ಬರುತ್ತದೆ.

ಬಣ್ಣಗಳನ್ನು ಲ್ಯಾಬೇ ಕೊಟ್ಟಿದೆ. ಹೆಮಟಾಕ್ಸಿಲಿನ್ ಕೋಶದ ನ್ಯೂಕ್ಲಿಯಸ್ಸನ್ನು ನೀಲಿ-ನೇರಳೆ ಮಾಡುತ್ತದೆ, ಇಯೋಸಿನ್ ಸುತ್ತಲಿನದನ್ನು ಗುಲಾಬಿ. ಹೆಮಟಾಕ್ಸಿಲಿನ್ ಸಿಗುವುದು ಮಧ್ಯ ಅಮೆರಿಕದ ಲಾಗ್‌ವುಡ್ ಮರದ ತಿರುಳಿನಿಂದ. ಹಿಂದೆ ಬಟ್ಟೆಗೂ ಇದೇ ಬಣ್ಣ ಹಾಕುತ್ತಿದ್ದರು ಅಂತ ಗೊತ್ತಾದಾಗ ನನಗೆ ತುಂಬ ಖುಷಿಯಾಯಿತು.

ಗಾಯ ಮಾಯುವ ಕ್ರಮದಲ್ಲೇ ಪದರ ಹಾಕುತ್ತೇನೆ. ಗಾಯವಾದ ಕೆಲವೇ ಗಂಟೆಗಳಲ್ಲಿ ನ್ಯೂಟ್ರೋಫಿಲ್‌ಗಳು, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳು, ಬಂದು ಸೇರುತ್ತವೆ. ಹಾಗಾಗಿ ಮೊದಲು ಕ್ಯಾನ್ವಾಸ್ ಒದ್ದೆ ಮಾಡಿ, ತೆಳು ಅಕ್ರಿಲಿಕ್ ನೇರಳೆ ಚುಕ್ಕೆಗಳನ್ನು ಒತ್ತೊತ್ತಾಗಿ ಬಿಡುತ್ತೇನೆ, ಒಂದಕ್ಕೊಂದು ಹರಡಿಕೊಳ್ಳಲಿ ಅಂತ. ಅದು ಒಣಗಿದ ಮೇಲೆ ಹೊಸ ರಕ್ತನಾಳಗಳು, ಕೆಂಪು ಕುಣಿಕೆಗಳಾಗಿ.

ಆಮೇಲೆ ಫೈಬ್ರೋಬ್ಲಾಸ್ಟ್. ನನಗೆ ಬಲು ಇಷ್ಟದ ಕೋಶ ಇದು, ಚರ್ಮಕ್ಕೆ ಬಲ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಎಳೆ ನೇಯುವುದೇ ಅದು. ಬಣ್ಣಕ್ಕೆ ಸಿಲಿಕೋನ್ ಎಣ್ಣೆ ಬೆರೆಸಿ ಸುರಿದರೆ ಕೋಶದಂಥ ಗುಳ್ಳೆಗಳು ತಾವಾಗಿಯೇ ಏಳುತ್ತವೆ, ನೋಡಲು ಚೆಂದ. ಆದರೆ ಅವೆಲ್ಲ ದುಂಡಗಿರುತ್ತವೆ, ಫೈಬ್ರೋಬ್ಲಾಸ್ಟ್ ಉದ್ದಕ್ಕೆ, ಎರಡೂ ತುದಿ ಚೂಪು. ಕೈಯಲ್ಲೇ ಬಿಡಿಸಬೇಕು. ಉದ್ದ ಕೂದಲಿನ ಸಣ್ಣ ಕುಂಚ ಹಿಡಿದು, ಉಸಿರು ಬಿಡುತ್ತ ಒಂದೇ ಎಳೆತಕ್ಕೆ ಎಳೆಯುತ್ತೇನೆ. ನಡುವೆ ನಿಂತರೆ ಗೆರೆ ಸತ್ತುಹೋಗುತ್ತದೆ.

ಕೊನೆಯ ಪದರ ಗಾಯ ಮಾಯ್ದ ಮೇಲೆ ಚರ್ಮದಲ್ಲಿ ಉಳಿಯುವ ಕಲೆಯದು. ಗಾಯವಾಗದ ಚರ್ಮದಲ್ಲಿ ಕೊಲಾಜೆನ್ ಎಳೆಗಳು ಚಾಪೆ ಹೆಣೆದ ಹಾಗೆ ಅಡ್ಡಾದಿಡ್ಡಿ ಹೋಗುತ್ತವೆ. ಕಲೆಯಲ್ಲಿ ಒಂದೇ ದಿಕ್ಕಿಗೆ ಸಾಲಾಗಿ ಮಲಗಿರುತ್ತವೆ. ಕೂದಲ ಬುಡ, ಬೆವರಿನ ಗ್ರಂಥಿ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಬಲವೂ ಹೆಚ್ಚೆಂದರೆ ಮೊದಲಿನ ಶೇ. 80ರಷ್ಟು. ಗುಣವಾಗುವುದು ಅಂದರೆ ಮೊದಲಿನಂತಾಗುವುದು ಅಂತ ಅಂದುಕೊಳ್ಳುತ್ತೇವೆ, ಅಲ್ವಾ? ಸ್ಲೈಡ್ ಹಾಗೆ ಹೇಳುವುದಿಲ್ಲ. ಅದಕ್ಕೇ ನನ್ನ ಚಿತ್ರದಲ್ಲಿ ಆ ಪಟ್ಟಿ ಬೇರೆಯಾಗಿಯೇ ಕಾಣುತ್ತದೆ. ಚುಕ್ಕೆ ಕಡಿಮೆ, ಗೆರೆ ನೇರ.

ಅಲ್ಲಿಗೆ ಚಿನ್ನದ ಬಣ್ಣ ಹಾಕಿ, ಎದ್ದು ಕಾಣುತ್ತದೆ ಅಂತ ನೋಡಿದವರು ಹೇಳುವುದುಂಟು. ನಾನು ಹಾಕುವುದಿಲ್ಲ. ಅಲ್ಲಿ ನಾನು ಕಂಡಿರುವುದು ತೆಳು ಗುಲಾಬಿ. ಟೈಟಾನಿಯಂ ಬಿಳಿಗೆ ತುಸುವೇ ಗುಲಾಬಿ ಬೆರೆಸಿ, ನೀರು ಜಾಸ್ತಿ ಹಾಕಿದರೆ ಅದೇ ಬಣ್ಣ ಸಿಗುತ್ತದೆ.