ಬೆಳಕಿಂಡಿಗೆ ಯಾವ ಗಾಜು?

ಹಳೇ ಮನೆಗಳಲ್ಲಿ ಹೆಂಚಿನ ಸಾಲಿನ ನಡುವೆ ಒಂದು ಗಾಜಿನ ಹೆಂಚು ಇಟ್ಟರೆ ಬೆಳಕಿಂಡಿ ಮುಗಿಯಿತು. ಈಗ ಹಿತ್ತಲಿಗೆ ಒಂದು ಕೋಣೆ ಸೇರಿಸುವವರು ಮೋಲ್ಡ್‌ನಲ್ಲಿ ಮೂರಡಿ ನಾಲ್ಕಡಿ ಜಾಗ ಬಿಡಿಸಿ, ಅದಕ್ಕೆ 12 ಮಿ.ಮೀ. ಟಫನ್ಡ್ (ಕಾಯಿಸಿ, ಥಟ್ಟನೆ ತಣಿಸಿ ಗಟ್ಟಿ ಮಾಡಿದ) ಗಾಜು ಕೂರಿಸುತ್ತಾರೆ. ಮಾರ್ಚ್ ಬಂದರೆ ಅದರ ಮೇಲೆ ಗೋಣಿತಾಟು ಹೊದಿಸುತ್ತಾರೆ. ಗಾಜು ದಪ್ಪವಿದ್ದಷ್ಟೂ ಬಿಸಿಲು ತಡೆಯುತ್ತದೆ ಎಂಬ ಲೆಕ್ಕವೇ ತಪ್ಪು. ದಪ್ಪ ಬೇಕಾಗಿರುವುದು ಗಟ್ಟಿತನಕ್ಕೆ. ಶಾಖ ತಡೆಯುವುದು ಗಾಜಿನ ಮೇಲಿನ ಲೇಪನ.

1. ಅಳತೆ. ಕೋಣೆಯ ನೆಲದ ಶೇ 5ರಷ್ಟು ಸಾಕು. 12×20 ಅಡಿಯ ಕೋಣೆಗೆ 3×4 ಅಡಿ. ಮೋಲ್ಡ್ ಹಾಕುವಾಗಲೇ ಜಾಗ ಬಿಟ್ಟು, ಸುತ್ತ ಹೆಚ್ಚುವರಿ ಕಂಬಿ ಕಟ್ಟಿಸಿ. ಹಾಕಿ ಮುಗಿದ ಮೋಲ್ಡನ್ನು ಎಂಜಿನಿಯರ್ ಕೇಳದೆ ಕೊರೆಯಬೇಡಿ.

2. ಮೂರು ಅಂಕಿ ಕೇಳಿ. ಅಂಗಡಿಯಲ್ಲಿ ಬಣ್ಣ ನೋಡಬೇಡಿ, ಕಂಪನಿಯ ತಾಂತ್ರಿಕ ಹಾಳೆ ಕೇಳಿ. ಮೊದಲು ನೋಡಬೇಕಾದ್ದು ಎಸ್‌ಎಚ್‌ಜಿಸಿ, ಅಂದರೆ ಬಿದ್ದ ಬಿಸಿಲಿನ ಶಾಖದಲ್ಲಿ ಎಷ್ಟು ಪಾಲು ಒಳಗೆ ಬರುತ್ತದೆ ಎಂಬುದು. 6 ಮಿ.ಮೀ. ಸಾದಾ ಗಾಜಿಗೆ ಇದು ಸುಮಾರು 0.82. ನೆತ್ತಿಯ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಎಂದುಕೊಂಡರೆ, 3×4 ಅಡಿಯ ಕಿಂಡಿಯಿಂದ 900 ವ್ಯಾಟ್ ಒಳಗಿಳಿಯುತ್ತದೆ. ನಡುಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಉರಿಸಿಟ್ಟಂತೆ. 0.28ರ ಗಾಜು ಹಾಕಿದರೆ ಅದು 310 ವ್ಯಾಟ್‌ಗೆ ಇಳಿಯುತ್ತದೆ. ಬಯಲುಸೀಮೆಯಲ್ಲಿ 0.30 ಮೀರಿದ್ದನ್ನು ತೆಗೆದುಕೊಳ್ಳಲೇಬೇಡಿ. ಮಡಿಕೇರಿ, ಮೂಡಿಗೆರೆಯ ಕಡೆ 0.45ರವರೆಗೂ ನಡೆಯುತ್ತದೆ.

ಎರಡನೆಯದು ವಿಎಲ್‌ಟಿ, ಒಳಬರುವ ಬೆಳಕಿನ ಪಾಲು. ಸೂರಿನ ಗಾಜಿಗೆ ಶೇ 40 ಧಾರಾಳ. ಮೂರನೆಯದು ಯು-ಮೌಲ್ಯ, ಅಂದರೆ ಒಳಹೊರಗಿನ ಬಿಸಿಯ ವ್ಯತ್ಯಾಸದಿಂದ ಗಾಜಿನ ಮೂಲಕ ಹಾಯುವ ಶಾಖದ ಅಳತೆ; ಕಡಿಮೆ ಇದ್ದಷ್ಟೂ ಒಳ್ಳೆಯದು. ಒಂಟಿ ಗಾಜಿಗೆ 5.7ರ ಆಸುಪಾಸು, ಲೋ-ಇ (ಶಾಖವನ್ನು ಹಿಂದಕ್ಕೆ ತಳ್ಳುವ ತೆಳು ಲೇಪನ) ಇರುವ ಒಳ್ಳೆಯ ಡಬಲ್ ಗಾಜಿಗೆ, ಅಂದರೆ ನಡುವೆ ಗಾಳಿ ಬಿಟ್ಟು ಜೋಡಿಸಿದ ಎರಡು ಗಾಜಿಗೆ, 1.6ರ ಆಸುಪಾಸು. ಇದು ನೆಟ್ಟಗೆ ನಿಂತ ಗಾಜಿನ ಲೆಕ್ಕ. ಮಲಗಿಸಿದರೆ, ಒಳಗಿನ ಶಾಖ ಮೇಲೇರುವಾಗ ನಡುವಿನ ಗಾಳಿ ಹೆಚ್ಚು ಓಡಾಡಿ ಅಂಕಿ ಕೆಡುತ್ತದೆ. ನಮ್ಮ ಹವೆಯಲ್ಲಿ ಎಸ್‌ಎಚ್‌ಜಿಸಿ ಮುಂದೆ ಇದು ಎರಡನೇ ಮಾತು.

‘ಯುವಿ ಶೇ 99 ತಡೆಯುತ್ತದೆ ಸಾರ್’ ಎಂದರೆ ಮರುಳಾಗಬೇಡಿ. ಎರಡು ಗಾಜಿನ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ ಇಟ್ಟು ಅಂಟಿಸಿದ ಸಾಮಾನ್ಯ ಲ್ಯಾಮಿನೇಟೆಡ್ ಗಾಜೂ ಅಷ್ಟು ತಡೆಯುತ್ತದೆ, ಶಾಖಕ್ಕೂ ಅದಕ್ಕೂ ಸಂಬಂಧವಿಲ್ಲ.

3. ಪದರಗಳ ಕ್ರಮ ಬರೆದು ಕೊಡಿ. ಹೆಚ್ಚಿನವರು ಎಡವುವುದು ಇಲ್ಲಿ. ‘ಡಬಲ್ ಗಾಜು ಕೊಡಿ’ ಎಂದಷ್ಟೇ ಹೇಳಿದರೆ ಏನು ಬರುತ್ತದೋ ದೇವರೇ ಬಲ್ಲ. ಆರ್ಡರ್ ಚೀಟಿಯಲ್ಲಿ ಹೊರಗಿನಿಂದ ಒಳಗಿನವರೆಗೆ ಹೀಗೆ ಬರೆಸಿ: 6 ಮಿ.ಮೀ. ಸೋಲಾರ್ ಕಂಟ್ರೋಲ್ ಲೋ-ಇ ಟಫನ್ಡ್, ಲೇಪನ ಎರಡನೇ ಮುಖದಲ್ಲಿ; 12 ಮಿ.ಮೀ. ಅಂತರ, ಒಳಗಡೆ 5+1.52+5 ಲ್ಯಾಮಿನೇಟೆಡ್ (5 ಮಿ.ಮೀ.ಯ ಎರಡು ಗಾಜು, ನಡುವೆ 1.52 ಮಿ.ಮೀ. ಪಿವಿಬಿ).

ಮುಖಗಳನ್ನು ಆಕಾಶದ ಕಡೆಯಿಂದ ಎಣಿಸಬೇಕು. ಮಳೆ ಬೀಳುವುದು ಒಂದನೆಯದು, ಅದೇ ಗಾಜಿನ ಕೆಳಮೈ ಎರಡನೆಯದು. ಲೇಪನ ಎರಡರಲ್ಲಿದ್ದರೆ ಶಾಖ ಹೊರಗಾಜಿನಲ್ಲೇ ನಿಂತು ಗಾಳಿಗೆ ಹೋಗುತ್ತದೆ. ಗಾಜು ತಿರುವುಮುರುವಾದರೆ ಲೇಪನ ಒಳಗಾಜಿನ ಕಡೆ ಬಂದು, ಅದು ಹೀರಿದ ಶಾಖ ಕೋಣೆಗೇ ಇಳಿಯುತ್ತದೆ. ದುಡ್ಡು ಪೂರ್ತಿ ಕೊಟ್ಟು ಅರ್ಧ ಕೆಲಸ ಮಾಡಿಸಿಕೊಂಡಂತೆ.

ಒಳಗಾಜು ಲ್ಯಾಮಿನೇಟೆಡ್ ಆಗಿರಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ. ಟಫನ್ಡ್ ಗಾಜಿನೊಳಗೆ ನಿಕಲ್ ಸಲ್ಫೈಡ್ ಕಣ ಸಿಕ್ಕಿದ್ದರೆ, ಯಾರೂ ಮುಟ್ಟದಿದ್ದರೂ ಅದು ಒಂದು ದಿನ ಸಿಡಿಯಬಹುದು. ಆ ಚೂರುಗಳು ಕೆಳಗೆ ಕೂತವರ ತಲೆಯ ಮೇಲೆ ಬೀಳದಂತೆ ಹಿಡಿಯುವುದು ಲ್ಯಾಮಿನೇಟ್‌ನ ನಡುವಿನ ಪಿವಿಬಿ ಹಾಳೆ. ಮಳೆಯ ಸದ್ದನ್ನೂ ಅದು ತಗ್ಗಿಸುತ್ತದೆ.

ಗಾಜಿನ ಅಂಚಿನ ಹೊರಸೀಲ್ ಪಾಲಿಸಲ್ಫೈಡ್ ಬೇಡ, ಸಿಲಿಕೋನ್ ಬೇಕು. ಬಿಸಿಲಿಗೆ ನೇರ ಒಡ್ಡಿದ ಪಾಲಿಸಲ್ಫೈಡ್ ಸೋತು, ತೇವ ಒಳಹೊಕ್ಕು, ಎರಡು ಗಾಜುಗಳ ನಡುವೆ ಮಬ್ಬು ಕಟ್ಟುತ್ತದೆ. ಅದನ್ನು ಒರೆಸಲು ಬರುವುದಿಲ್ಲ. ಇಡೀ ಗಾಜೇ ಬದಲಾಗಬೇಕು.

ಗಾಜು ಬಂದ ದಿನ ಸಂಜೆಗತ್ತಲಲ್ಲಿ ಹೊರಮೈಯ ಹತ್ತಿರ ಲೈಟರ್ ಹಚ್ಚಿ ಓರೆಯಾಗಿ ನೋಡಿ. ನಾಲ್ಕು ಪ್ರತಿಬಿಂಬ ಕಾಣುತ್ತವೆ. ನಿಮ್ಮ ಕಡೆಯಿಂದ ಎರಡನೆಯದರ ಬಣ್ಣ ಬೇರೆಯಿದ್ದರೆ ಲೇಪನ ಸರಿಯಾದ ಜಾಗದಲ್ಲಿದೆ. ಮೂರನೆಯದು ಬೇರೆಯಿದ್ದರೆ ಗಾಡಿಯಿಂದ ಇಳಿಸಿಕೊಳ್ಳಬೇಡಿ. ಟಫನ್ಡ್ ಗಾಜಿನ ಮೂಲೆಯಲ್ಲಿ ಐಎಸ್ 2553 ಗುರುತು ಇದೆಯೇ ಎಂದೂ ನೋಡಿ.

ಇಷ್ಟಕ್ಕೆ ಬಜೆಟ್ ಸಾಲದಿದ್ದರೆ ಕಿಂಡಿಯನ್ನು 2×3 ಅಡಿಗೆ ಇಳಿಸಿ, ಗಾಜಿನ ಗುಣಮಟ್ಟವನ್ನಲ್ಲ. ಪಾಲಿಕಾರ್ಬೊನೇಟ್ ಶೀಟ್ ವಾಹನ ನಿಲ್ಲಿಸುವ ಜಾಗಕ್ಕಿರಲಿ. ಹಳದಿಯಾಗುತ್ತದೆ, ಗೀರು ಬೀಳುತ್ತದೆ. ಕಂದು ಬಣ್ಣದ ಗಾಜು ಬೆಳಕನ್ನು ಕಸಿದುಕೊಂಡು ತಾನೇ ಕಾದು ಕೂರುತ್ತದೆ. ಇರುವ ಗಾಜಿಗೆ ಒಳಗಿನಿಂದ ಸನ್‌ಫಿಲ್ಮ್ ಅಂಟಿಸಿದರೆ ಗಾಜು ಎಲ್ಲ ಕಡೆ ಒಂದೇ ಸಮ ಕಾಯದೆ ಬಿರುಕು ಬಿಡುವ ಅಪಾಯವಿದೆ.

4. ಕೂರಿಸುವುದು. ತಾರಸಿಯ ನೆಲದಿಂದ ಕನಿಷ್ಠ 6 ಇಂಚು ಎತ್ತರದ ಕಟ್ಟೆ ಕಟ್ಟಿಸಿ, ವಾಟರ್‌ಪ್ರೂಫಿಂಗನ್ನು ಕಟ್ಟೆಯ ಮೇಲಿನವರೆಗೂ ಹತ್ತಿಸಿ. ನಾಲ್ಕಡಿಗೆ 8 ಇಂಚು ಇಳಿಜಾರು ಕೊಡಿ. ಸಮತಟ್ಟಾಗಿಟ್ಟರೆ ನೀರು ನಿಂತು, ಧೂಳು ಕೆಸರಾಗಿ ಅಂಟುತ್ತದೆ. ಉತ್ತರಕ್ಕೆ ಇಳಿಜಾರು ಕೊಟ್ಟರೆ ಬಿಸಿಲೇ ಬೀಳದು ಎನ್ನುವವರಿದ್ದಾರೆ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರ ಸೂರ್ಯ ನೇರ ನೆತ್ತಿಗೆ ಬಂದು, ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನ ಉತ್ತರಕ್ಕೇ ಇರುತ್ತಾನೆ. ಮೇ ತಿಂಗಳಲ್ಲಿ ಆ ಇಳಿಜಾರು ನೆರವಿಗೆ ಬಾರದು.

3×4 ಅಡಿಯ ಈ ಗಾಜು ಸುಮಾರು 45 ಕೆ.ಜಿ. ತೂಗುತ್ತದೆ. ಲೋಹದ ಮೇಲೆ ನೇರ ಇಡದೆ ರಬ್ಬರ್ ಗ್ಯಾಸ್ಕೆಟ್ ಮೇಲೆ ಕೂರಿಸಬೇಕು. ಸಿಲಿಕೋನ್ ಟ್ಯೂಬ್ ತೆರೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ವಾಪಸ್ ಕಳಿಸಿ. ಅದು ಗಾಜಿನ ಸೀಲನ್ನೂ ಪಿವಿಬಿಯನ್ನೂ ಹಾಳುಮಾಡುತ್ತದೆ. ಬೇಕಾದ್ದು ‘ನ್ಯೂಟ್ರಲ್ ಕ್ಯೂರ್’.

5. ನೀರು ಬಿಟ್ಟು ನೋಡಿ. ಸಿಲಿಕೋನ್ ಪೂರ್ತಿ ಒಣಗಿದ ಮೇಲೆ ಪೈಪಿನಿಂದ ಅರ್ಧ ಗಂಟೆ ನೀರು ಹಾಯಿಸಿ, ಕೆಳ ಅಂಚಿನಿಂದ ಶುರುಮಾಡಿ ನಿಧಾನ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ಎಲ್ಲಿ ಸೋರಿತೆಂದು ಗೊತ್ತಾಗುವುದಿಲ್ಲ. ಫಾಲ್ಸ್ ಸೀಲಿಂಗ್‌ನವರನ್ನು ಆಮೇಲೆ ಕರೆಯಿರಿ.