ಮಸಲ್‌ಬರ್ಗ್‌ನಿಂದ ಪ್ರೆಸ್ಟ್‌ವಿಕ್‌ವರೆಗೆ: ಸ್ಕಾಟ್ಲೆಂಡಿನ ಕಡಲಂಚಿನ ಗಾಲ್ಫ್ ಪ್ರವಾಸವನ್ನು ನಾನು ಜೋಡಿಸಿದ ಬಗೆ

ಸ್ಕಾಟ್ಲೆಂಡಿಗೆ ಗಾಲ್ಫ್ ಆಡಲು ಹೊರಡುವವರು ಮೊದಲು ದೊಡ್ಡ ಹೆಸರುಗಳನ್ನು ಬರೆದುಕೊಳ್ಳುತ್ತಾರೆ: ಸೇಂಟ್ ಆಂಡ್ರೂಸ್, ಮ್ಯೂರ್‌ಫೀಲ್ಡ್, ಕಾರ್ನೂಸ್ಟಿ, ಟ್ರೂನ್, ಟರ್ನ್‌ಬೆರಿ. ಎಲ್ಲವೂ ಗಾಲ್ಫ್‌ನ ಹೆಸರಾಂತ ಪಂದ್ಯಾವಳಿ ಓಪನ್ ಚಾಂಪಿಯನ್‌ಷಿಪ್ ನಡೆದ ಜಾಗಗಳೇ. ಆಮೇಲೆ ನಕ್ಷೆ ಹರಡಿ ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುತ್ತಾರೆ. ಪ್ರವಾಸದ ಅರ್ಧ ಆಯುಷ್ಯ ಕಾರಿನಲ್ಲೇ ಕಳೆಯುತ್ತದೆ. ನಾನು ಲೆಕ್ಕ ಹಾಕಿದ್ದು ಸರದಿಯನ್ನು. ಯಾವ ಕೋರ್ಸ್ (ಗಾಲ್ಫ್ ಮೈದಾನ) ಮೊದಲು ಆಡಿದರೆ ಮುಂದಿನದಕ್ಕೆ ಕೈ ಹದವಾಗುತ್ತದೆ ಎನ್ನುವುದೊಂದೇ ಪ್ರಶ್ನೆ ಇಟ್ಟುಕೊಂಡು ಕೂತೆ.

ಇದಕ್ಕೆ ಕಾರಣ ಅಲ್ಲಿನ ನೆಲ. ಬೆಂಗಳೂರಿನಲ್ಲಿ ನಾವು ಆಡುವುದು ಗರಿಕೆಯ ಮೇಲೆ. ಹುಲ್ಲು ಚೆಂಡನ್ನು ಎತ್ತಿ ಹಿಡಿದಿರುತ್ತದೆ, ಗ್ರೀನ್ ಮೇಲೆ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ, ಎತ್ತರದಿಂದ ಬಿದ್ದ ಚೆಂಡು ಅಲ್ಲೇ ನಿಲ್ಲುತ್ತದೆ. ಲಿಂಕ್ಸ್ ಎಂದರೆ ಸಮುದ್ರ ದಂಡೆಗೂ ಉಳುವ ಹೊಲಕ್ಕೂ ನಡುವೆ ಉಳಿದ ಮರಳು ನೆಲ. ಮಳೆ ಬಿದ್ದರೆ ನೀರು ಕ್ಷಣದಲ್ಲಿ ಇಂಗಿಹೋಗುತ್ತದೆ. ಮೇಲೆ ಫೆಸ್ಕ್ಯೂ ಎಂಬ ಸಣ್ಣ ಎಸಳಿನ ಹುಲ್ಲು. ಗಾಳಿಗೆ ಒಣಗಿದರೆ ನೆಲ ಗಟ್ಟಿಯಾಗಿ ಚೆಂಡು ಪುಟಿದು ಓಡುತ್ತದೆ. ಅಲ್ಲಿ ಎತ್ತರಕ್ಕೆ ಹಾರಿಸುವ ವೆಜ್ ಎಂಬ ಕೋಲು ಹಿಡಿದು ಆಕಾಶಕ್ಕೆ ಹೊಡೆದರೆ ಗಾಳಿ ಚೆಂಡನ್ನು ಎತ್ತಿಕೊಂಡು ಹೋಗುತ್ತದೆ. ಗ್ರೀನ್‌ಗಿಂತ ಮೂವತ್ತು ಗಜ ಮೊದಲೇ ಬೀಳಿಸಿ ಉರುಳಿಸಬೇಕು, ಕೆಲವು ಕಡೆ ಅಷ್ಟು ದೂರದಿಂದಲೇ ಚೆಂಡು ಉರುಳಿಸುವ ಕೋಲಾದ ಪಟ್ಟರ್ ಹಿಡಿಯಬೇಕು. ಈ ಆಟ ಒಂದು ದಿನದಲ್ಲಿ ಬರುವುದಿಲ್ಲ. ವಿಮಾನ ಇಳಿದ ಮರುದಿನವೇ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ನಿಂತರೆ ಅದರ ಅರ್ಧ ಗುಟ್ಟು ಕಣ್ಣಿಗೇ ಬೀಳದೆ ಹೋಗುತ್ತದೆ.

ತಿಂಗಳನ್ನು ಆರಿಸಿದ್ದು ಎಡಿನ್‌ಬರಾದಲ್ಲಿರುವ ನನ್ನ ಭಾವಮೈದ. "ಭಾವ, ಆಗಸ್ಟ್ ಮಾತ್ರ ಬೇಡ. ಇಲ್ಲಿ ಫೆಸ್ಟಿವಲ್ ಗಲಾಟೆ, ರೂಮೇ ಸಿಗಲ್ಲ. ಮೇ ಕೊನೇಲಿ ಬನ್ನಿ" ಎಂದ. ಒಳ್ಳೆಯ ಸಲಹೆ. ಮೇ ಕೊನೆಯಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ, ಗಾರ್ಸ್ ಎಂಬ ಮುಳ್ಳುಪೊದೆಗಳು ಇನ್ನೂ ಹಳದಿ ಹೂವು ಬಿಟ್ಟಿರುತ್ತವೆ, ಆಚೀಚೆಯ ಉದ್ದ ಹುಲ್ಲು ಇನ್ನೂ ದಟ್ಟವಾಗಿರುವುದಿಲ್ಲ. ಕಾರು ಓಡಿಸುವುದಕ್ಕೆ ನಮ್ಮ ಭಾರತದ ಲೈಸೆನ್ಸೇ ಸಾಕು, ಅಲ್ಲಿಗೆ ಹೋದ ಮೇಲೆ 12 ತಿಂಗಳು ನಡೆಯುತ್ತದೆ. ರಸ್ತೆಯ ಎಡಬದಿಯೂ ನಮ್ಮದೇ ಅಭ್ಯಾಸ. ನಾಲ್ಕು ಜನ, ನಾಲ್ಕು ಗಾಲ್ಫ್ ಬ್ಯಾಗ್ ಎಂದರೆ ಏಳು ಸೀಟಿನ ಗಾಡಿಯನ್ನೇ ಹೇಳಿ, ಹಿಂದಿನ ಸೀಟು ಮಡಚಿಕೊಳ್ಳಿ. ಗೇರ್ ಹಾಕುವ ರಗಳೆ ಬೇಡವೆಂದರೆ ಆಟೊಮ್ಯಾಟಿಕ್ ಬೇಕೆಂದು ಮೊದಲೇ ತಿಳಿಸಬೇಕು. ಹೊರಡುವ ಮುನ್ನ ನಿಮ್ಮ ಕ್ಲಬ್ಬಿನಿಂದ ಆಟದ ಮಟ್ಟ ತಿಳಿಸುವ ಹ್ಯಾಂಡಿಕ್ಯಾಪ್ ಪತ್ರ ಪಡೆದುಕೊಳ್ಳಿ, ಹಳೆಯ ಕೋರ್ಸ್‌ಗಳಲ್ಲಿ ಕೇಳುತ್ತಾರೆ.

ಮೊದಲ ಆಟ ಎಡಿನ್‌ಬರಾದ ಮಗ್ಗುಲಲ್ಲೇ ಇರುವ ಮಸಲ್‌ಬರ್ಗ್ ಓಲ್ಡ್ ಲಿಂಕ್ಸ್‌ನಲ್ಲಿ. ಒಂಬತ್ತೇ ಹೋಲ್ (ಟೀ ಎಂಬ ಶುರುವಿನ ಜಾಗದಿಂದ ಕುಳಿಯವರೆಗಿನ ಒಂದೊಂದು ಹಂತಕ್ಕೂ ಹೋಲ್ ಎನ್ನುತ್ತಾರೆ), ಕುದುರೆ ಜೂಜಿನ ಮೈದಾನದ ಒಳಗೆ. 1672ರಲ್ಲಿ ಇಲ್ಲಿ ಗಾಲ್ಫ್ ಆಡಿದ್ದಕ್ಕೆ ದಾಖಲೆಯಿದೆ. 1874ರಿಂದ 1889ರ ನಡುವೆ ಆರು ಸಲ ಓಪನ್ ನಡೆದಿದೆ. ಇಂದು ಜಗತ್ತಿನಲ್ಲೆಲ್ಲ ಗಾಲ್ಫ್ ಕುಳಿಯ ಅಗಲ ನಾಲ್ಕೂಕಾಲು ಇಂಚು. ಆ ಅಳತೆಯ ಕುಳಿ ತೋಡುವ ಸಲಕರಣೆಯನ್ನು 1829ರಲ್ಲೇ ಬಳಸಿದ್ದು ಇಲ್ಲಿ. ಹಿಕರಿ ಮರದ ಹಿಡಿಯ ಹಳೆಯ ಕ್ಲಬ್‌ಗಳು (ಗಾಲ್ಫ್ ಕೋಲುಗಳು) ಬಾಡಿಗೆಗೆ ಸಿಗುತ್ತವೆ, ತಪ್ಪದೆ ತೆಗೆದುಕೊಳ್ಳಿ. ಅವುಗಳಲ್ಲಿ ಚೆಂಡು ಎತ್ತರಕ್ಕೆ ಹೋಗುವುದೇ ಕಷ್ಟ, ಹಾಗಾಗಿ ನೆಲದ ಆಟ ತಾನಾಗಿಯೇ ಕೈಗೆ ಬರುತ್ತದೆ. ಇಡೀ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಕಾಣಲಿಲ್ಲ. ಖರ್ಚೂ ಕಡಿಮೆ.

ಅಲ್ಲಿಂದ ಪೂರ್ವಕ್ಕೆ ನಾರ್ತ್ ಬೆರಿಕ್. ನನ್ನನ್ನು ಕೇಳಿದರೆ ಈ ಪ್ರವಾಸದ ಹೃದಯ ಇದೇ. 1832ರಲ್ಲಿ ಶುರುವಾದ ಕ್ಲಬ್. ಪಕ್ಕದಲ್ಲೇ ಸಮುದ್ರ, ಅದರಾಚೆ ಗ್ಯಾನೆಟ್ ಹಕ್ಕಿಗಳಿಂದ ಬೆಳ್ಳಗಾದ ಬಾಸ್ ರಾಕ್ ಬಂಡೆ. ಹದಿಮೂರನೇ ಹೋಲ್‌ನಲ್ಲಿ ಗ್ರೀನ್‌ಗೆ ಅಡ್ಡಲಾಗಿ ಗಿಡ್ಡನೆಯ ಕಲ್ಲುಗೋಡೆ ಇದೆ. ಇದ್ದ ಗೋಡೆಯನ್ನು ಯಾರೂ ಕೆಡವಲಿಲ್ಲ, ಅದನ್ನೇ ಆಟದ ಭಾಗ ಮಾಡಿಕೊಂಡರು. ಹದಿನೈದನೆಯದು ರೆಡಾನ್. ಇದರ ಗ್ರೀನ್ ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ ಓರೆಯಾಗಿ ಇಳಿಯುತ್ತದೆ. ಎಡಕ್ಕೆ ಬಂಕರ್ ಎಂಬ ಆಳವಾದ ಮರಳುಗುಂಡಿ ಕಾದಿರುತ್ತದೆ. ಬಾವುಟದ ಕಡೆ ನೇರವಾಗಿ ಹೊಡೆಯುವುದು ಅಪಾಯ. ಬಲಗಡೆ ಬೀಳಿಸಿದರೆ ಇಳಿಜಾರೇ ಚೆಂಡನ್ನು ಮೆಲ್ಲಗೆ ಎಡಕ್ಕೆ ಕರೆದೊಯ್ಯುತ್ತದೆ. ಅಮೆರಿಕದಲ್ಲಿ ಕೋರ್ಸ್ ವಿನ್ಯಾಸಕ ಚಾರ್ಲ್ಸ್ ಮ್ಯಾಕ್‌ಡೊನಾಲ್ಡ್ ಇದರ ಮಾದರಿಯಲ್ಲಿ ಹೋಲ್ ಕಟ್ಟಿದ, ಆಮೇಲೆ ಜಗತ್ತಿನ ಎಷ್ಟೋ ಕಡೆ ಅದರ ನಕಲು ಬಂತು. ಮೂಲದ ಮುಂದೆ ನಿಂತು ಬಲಕ್ಕೆ ಹೊಡೆದು ಚೆಂಡು ತಿರುಗಿ ಇಳಿಯುವುದನ್ನು ನೋಡಿದಾಗ ನನಗಾದ ಸಂತೋಷಕ್ಕೆ ಬೆಲೆ ಕಟ್ಟಲಾರೆ. ಸಾಧ್ಯವಾದರೆ ಇಲ್ಲಿ ಎರಡು ಸಲ ಆಡಿ, ಒಂದು ಬೆಳಿಗ್ಗೆ, ಒಂದು ಸಂಜೆ ಗಾಳಿ ತಿರುಗಿದ ಮೇಲೆ.

ಹತ್ತಿರದ ಮ್ಯೂರ್‌ಫೀಲ್ಡ್ ಅನ್ನು ನಾವು ಸೇರಿಸಲಿಲ್ಲ. ಹೊರಗಿನವರಿಗೆ ಅವಕಾಶ ಮಂಗಳವಾರ ಮತ್ತು ಗುರುವಾರ, ಹಾಗಾಗಿ ಇಡೀ ವಾರವನ್ನು ಅದರ ಸುತ್ತ ಕಟ್ಟಬೇಕಾಗುತ್ತದೆ.

ನಾರ್ತ್ ಬೆರಿಕ್‌ನ ದಂಡೆಯಲ್ಲಿ ನಿಂತರೆ ಕೊಲ್ಲಿಯ ಆಚೆ ಫೈಫ್ ಕರಾವಳಿ ಕಣ್ಣಿಗೆ ಕಾಣುತ್ತದೆ. ರಸ್ತೆ ಮಾತ್ರ ಎಡಿನ್‌ಬರಾ ಬಳಸಿ, ಕ್ವೀನ್ಸ್‌ಫೆರಿ ಸೇತುವೆ ದಾಟಿ ಸುತ್ತಿ ಹೋಗಬೇಕು. ಆ ದಿನ ಆಟ ಇಟ್ಟುಕೊಳ್ಳದೆ ಪ್ರಯಾಣಕ್ಕೇ ಬಿಟ್ಟೆವು. ಫೈಫ್‌ನಲ್ಲಿ ಒಂದೇ ಮನೆ ಬಾಡಿಗೆಗೆ ಹಿಡಿದು ಅಲ್ಲಿಂದಲೇ ಓಡಾಡಿದೆವು. ದಿನಕ್ಕೊಂದು ಹೋಟೆಲ್ ಬದಲಿಸುವ ಗೋಳು ತಪ್ಪಿತು, ರಾತ್ರಿ ಬಿಸಿ ಅನ್ನ ತಿಳಿಸಾರು ಮಾಡಿಕೊಂಡು ಉಣ್ಣಲೂ ಆಯಿತು.

ಈಲಿ ಎಂಬ ಪುಟ್ಟ ಊರಿನ ಕೋರ್ಸ್‌ನಲ್ಲಿ ಮೊದಲ ಟೀ ಎದುರಿಗೇ ದಿಬ್ಬ. ಆಚೆ ಯಾರಿದ್ದಾರೋ ಕಾಣದು. ಅದಕ್ಕೆಂದೇ ಆಟ ಶುರುಮಾಡಿಸುವ ಸ್ಟಾರ್ಟರ್‌ನ ಕೋಣೆಯಲ್ಲಿ ಎಕ್ಸ್‌ಕ್ಯಾಲಿಬರ್ ಎಂಬ ಸಬ್‌ಮರೀನಿನಿಂದ ತಂದ ಪೆರಿಸ್ಕೋಪ್ ಇಟ್ಟಿದ್ದಾರೆ. ಅದರಲ್ಲಿ ಇಣುಕಿ, ದಾರಿ ತೆರವಾಗಿದ್ದರೆ ಹೊಡೆಯಲು ಹೇಳುತ್ತಾರೆ. ಐದು ಸಲ ಓಪನ್ ಗೆದ್ದ ಜೇಮ್ಸ್ ಬ್ರೇಡ್ ಹುಟ್ಟಿದ ಅರ್ಲ್ಸ್‌ಫೆರಿ ಇದಕ್ಕೆ ಅಂಟಿಕೊಂಡ ಊರು. ಕಾಣದ ಕಡೆಗೆ ನಂಬಿ ಹೊಡೆಯುವ ಅಭ್ಯಾಸ ನಮಗಾಗಿದ್ದು ಇಲ್ಲಿ.

ಈಗ ಓಲ್ಡ್ ಕೋರ್ಸ್. ಇದು ಸಾರ್ವಜನಿಕ ಮೈದಾನ, ಯಾರು ಬೇಕಾದರೂ ಅರ್ಜಿ ಹಾಕಬಹುದು. ಹಿಂದಿನ ವರ್ಷವೇ ಮುಂಗಡ ಕಾದಿರಿಸುವ ದಾರಿಯೊಂದಿದೆ. ನಾವು ಹಿಡಿದದ್ದು ಬ್ಯಾಲಟ್ ದಾರಿ. ಕನಿಷ್ಠ ಇಬ್ಬರು ಸೇರಿ, ಆಡಬೇಕಾದ ದಿನಕ್ಕೆ ಎರಡು ದಿನ ಮೊದಲು ಹೆಸರು ಕೊಡಬೇಕು, ಚೀಟಿ ಎತ್ತುತ್ತಾರೆ. ಭಾನುವಾರ ಸಾಮಾನ್ಯವಾಗಿ ಆಟವಿಲ್ಲ, ಊರಿನವರು ಮಕ್ಕಳು ನಾಯಿಗಳೊಂದಿಗೆ ಫೇರ್‌ವೇ ಎಂಬ ಕತ್ತರಿಸಿದ ಹುಲ್ಲುದಾರಿಯ ಮೇಲೆ ಅಡ್ಡಾಡುತ್ತಾರೆ. ಒಂದೇ ದಿನವನ್ನು ನೆಚ್ಚಿಕೊಂಡರೆ ನಿರಾಸೆಯಾಗುವ ಸಂಭವ ಹೆಚ್ಚು. ಫೈಫ್‌ನಲ್ಲಿದ್ದಷ್ಟು ದಿನವೂ ಹೆಸರು ಕೊಡುತ್ತಿದ್ದೆವು. ಬಾರದ ದಿನ ಪಕ್ಕದ ನ್ಯೂ ಕೋರ್ಸ್ ಅಥವಾ ಕ್ರೇಲ್. ಹೆಸರು ನ್ಯೂ ಆದರೂ ಅದನ್ನು ಹಳೆಯ ಕಾಲದ ಹೆಸರಾಂತ ಆಟಗಾರ ಓಲ್ಡ್ ಟಾಮ್ ಮಾರಿಸ್ 1895ರಲ್ಲಿ ಕಟ್ಟಿದ್ದು. ಕ್ರೇಲ್ ಗಾಲ್ಫಿಂಗ್ ಸೊಸೈಟಿ 1786ರಷ್ಟು ಹಳೆಯದು. ಎರಡೂ ಕಡೆ ಕಳೆದ ದಿನಗಳು ಒಂದೂ ವ್ಯರ್ಥವಾಗಲಿಲ್ಲ.

ಕೊನೆಗೆ ಚೀಟಿಯಲ್ಲಿ ನಮ್ಮ ಹೆಸರು ಬಂತು. ಅಲ್ಲಿ ಬ್ಯಾಗ್ ಹೊತ್ತು ದಾರಿ ಹೇಳುವ ಕ್ಯಾಡಿಯನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡಬೇಡಿ. ಟೀ ಮೇಲೆ ನಿಂತಾಗ ಬಂಕರ್‌ಗಳು ಕಾಣುವುದೇ ಇಲ್ಲ, ಒಟ್ಟು 112 ಇವೆ. ಪೊದೆಗಳೂ ಗಡಿಯೂ ಹೆಚ್ಚಾಗಿ ಬಲಕ್ಕೆ, ಎಡಕ್ಕೆ ಹೊಡೆದರೆ ಕ್ಷೇಮ. ಆದರೆ ಎಡದಿಂದ ಗ್ರೀನ್‌ಗೆ ಹೋಗುವ ಕೋನ ಕೆಟ್ಟದಾಗುತ್ತದೆ. ಎಷ್ಟು ಧೈರ್ಯ ಮಾಡಬೇಕೆಂದು ಪ್ರತಿ ಹೋಲ್‌ನಲ್ಲೂ ಹೊಸದಾಗಿ ತೂಗಿ ನೋಡಬೇಕು. ಎರಡೆರಡು ಹೋಲ್‌ಗಳಿಗೆ ಒಂದೇ ಗ್ರೀನ್ ಆಗಿರುವ ಏಳು ಜೋಡಿ ಗ್ರೀನ್‌ಗಳಿವೆ: ಎರಡನೆಯದಕ್ಕೆ ಹದಿನಾರು, ಮೂರನೆಯದಕ್ಕೆ ಹದಿನೈದು, ಹೀಗೆ ಯಾವ ಜೋಡಿಯನ್ನು ಕೂಡಿಸಿದರೂ 18. ಅಷ್ಟು ವಿಶಾಲವಾದ ಗ್ರೀನ್‌ನಲ್ಲಿ ದೂರದಿಂದ ಪಟ್ಟರ್ ಹಿಡಿದಾಗ ಮಸಲ್‌ಬರ್ಗ್‌ನ ಅಭ್ಯಾಸ ಕೈಹಿಡಿಯಿತು. ಹದಿನೇಳನೆಯ ರೋಡ್ ಹೋಲ್‌ನಲ್ಲಿ ಹೋಟೆಲಿನ ಮೂಲೆಯ ಮೇಲಿಂದ ಟೀ ಶಾಟ್ ದಾಟಿಸುವಾಗ ಈಲಿಯ ದಿಬ್ಬ ನೆನಪಾಯಿತು.

ಪಶ್ಚಿಮ ಕರಾವಳಿಯಲ್ಲಿ ನಾವು ಉಳಿಸಿಕೊಂಡದ್ದು ಪ್ರೆಸ್ಟ್‌ವಿಕ್ ಒಂದನ್ನೇ. 1860ರ ಅಕ್ಟೋಬರ್ 17ರಂದು ಮೊದಲ ಓಪನ್ ನಡೆದದ್ದು ಇಲ್ಲಿ. ಆಡಿದವರು ಎಂಟು ಜನ. ಆಗ ಇದ್ದದ್ದು 12 ಹೋಲ್, ಒಂದೇ ದಿನ ಮೂರು ಸುತ್ತು, 174 ಹೊಡೆತಗಳಲ್ಲಿ ಗೆದ್ದವನು ವಿಲ್ಲಿ ಪಾರ್ಕ್. 1876ರಲ್ಲಿ ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾಗುವ ಹೊತ್ತಿಗೆ ಓಪನ್‌ಗೆ ಹದಿನಾರು ವರ್ಷ ತುಂಬಿತ್ತು. ಮೊದಲ ಹೋಲ್‌ನ ಬಲಕ್ಕೆ ರೈಲು ಹಳಿ. ಐದನೆಯದರ ಹೆಸರು ಹಿಮಾಲಯಾಸ್, ಹದಿನೇಳನೆಯದು ಆಲ್ಪ್ಸ್. ಎರಡರಲ್ಲೂ ಗುಡ್ಡದಾಚೆಗೆ ಕಾಣದ ಗ್ರೀನ್. ಆಲ್ಪ್ಸ್‌ನಲ್ಲಿ ಆಟ ಮುಗಿಸಿದವರು ಗಂಟೆ ಹೊಡೆದು ಹಿಂದಿನವರಿಗೆ ತಿಳಿಸಬೇಕು. ಇದನ್ನು ಕೊನೆಗೆ ಇಟ್ಟದ್ದೇಕೆಂದರೆ ಇಲ್ಲಿನ ವಿಚಿತ್ರಗಳು ಹೊಸಬರಿಗೆ ಅನ್ಯಾಯವೆನಿಸುತ್ತವೆ. ಉಳಿದ ಕೋರ್ಸ್‌ಗಳನ್ನು ಆಡಿ ಬಂದವರಿಗೆ ಅವೇ ರುಚಿಸುತ್ತವೆ.

ಉತ್ತರದ ರಾಯಲ್ ಡಾರ್ನಾಕ್ ಅನ್ನು ಬೇಕೆಂದೇ ಬಿಟ್ಟೆ. ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಕೋರ್ಸ್ ಕಟ್ಟಿದ ಡೊನಾಲ್ಡ್ ರಾಸ್ 1872ರಲ್ಲಿ ಹುಟ್ಟಿದ ಊರು ಅದು. ಇನ್ವರ್ನೆಸ್ ದಾಟಿ ಹೋಗಬೇಕು, ಅವಸರದಲ್ಲಿ ಒಂದು ದಿನ ತುರುಕುವ ಜಾಗವಲ್ಲ. ಅದಕ್ಕೆ ಬೇರೆಯದೇ ಪ್ರವಾಸ ಹಾಕಿದ್ದೇನೆ, ಮೊದಲು ನೇರ್ನ್, ಆಮೇಲೆ ಡಾರ್ನಾಕ್. ಎರಡೂ ಕ್ಲಬ್ಬುಗಳಿಗೆ ಪತ್ರ ಹೋಗಿದೆ.